ಯಾರ ಮನೆಯದು ಎಂದು ಬುರುಲ್ಚಾ ಕೇಳಿದಳು

ನನ್ನ ಓರಗಿತ್ತಿ ಶಾಯಿರ್ಕುಲ್‌ಗೆ ಈಗ ಎಪ್ಪತ್ತೊಂದು. ಅಂಚೆ ಕಚೇರಿಗೆ ಬೀಗ ಬಿದ್ದು ಹದಿನೈದು ವರ್ಷವಾದರೂ ನಮ್ಮ ಸಾರಿಕಯಿಂಗ್ ಊರಿನವರು ಅವಳನ್ನು ಇನ್ನೂ ‘ಅಂಚೆ ಶಾಯಿರ್ಕುಲ್’ ಎಂದೇ ಕರೆಯುವುದು. ಅವಳ ಬಗ್ಗೆ ಬೇರೆಯವರು ಆಡಿಕೊಂಡರೆ ನನಗೆ ಮೈ ಉರಿಯುತ್ತದೆ. ನಾನು ಬೈಯುತ್ತೇನೆ, ಅದು ಬೇರೆ ಮಾತು. ಒಂದೇ ಅಂಗಳದಲ್ಲಿ ನಲವತ್ತು ವರ್ಷ ಅವಳ ಜೊತೆ ಏಗಿದವಳಿಗೆ ಅಷ್ಟೂ ಹಕ್ಕು ಬೇಡವೇ? ಹೋದ ವರ್ಷ ಆಲೂಗಡ್ಡೆ ಕೀಳುವ ಹೊತ್ತಿನಲ್ಲಿ ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳಿಕೊಂಡು ತಿರುಗುತ್ತಿದ್ದಾರೆ. ನಾನು ಅಲ್ಲೇ ಇದ್ದವಳು, ನಡೆದ ಹಾಗೆ ಹೇಳಿಬಿಡುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ಸಾವಿನ ಸುದ್ದಿಯನ್ನು ನಮ್ಮಲ್ಲಿ ಹೇಳುವುದಿಲ್ಲ, ಕೇಳಿಸುತ್ತಾರೆ. ಮೊದಲು ಹಿರಿಯರು ಬೇರೆ ಒಂದು ಮನೆಯಲ್ಲಿ ಸೇರಬೇಕು. ಮಾತು ಬಲ್ಲವನೊಬ್ಬ, ಹಿಡಿದುಕೊಳ್ಳಲು ಇಬ್ಬರು ಗಟ್ಟಿ ಹೆಂಗಸರು, ಔಷಧದ ಚೀಲ ಹಿಡಿದ ನರ್ಸ್ ಜಿಬೆಕ್, ಇಷ್ಟು ಜನ ಇರಲೇಬೇಕು. ಒಟ್ಟಿಗೆ ಹೋಗಿ, ಕೂತು, ದನ ಹೇಗಿದೆ, ಹುಲ್ಲು ಎಷ್ಟಾಯಿತು ಎಂದು ಅದೂ ಇದೂ ಮಾತಾಡಿ, ಆಮೇಲೆ ಹತ್ತಿರ ಸರಿದು ಭುಜದ ಮೇಲೆ ಕೈಯಿಟ್ಟು ಬಾಯಿಂದ ಹೇಳಬೇಕು. ಒಬ್ಬ ತಾಯಿ ಒಂಟಿಯಾಗಿ ನಿಂತು ಮಗನ ಸಾವನ್ನು ಕಾಗದದಲ್ಲಿ ಓದಿದಳು ಅಂದರೆ ಅದು ಇಡೀ ಊರಿಗೆ ನಾಚಿಕೆಗೇಡು. ಶಾಯಿರ್ಕುಲ್ ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ತಂತಿ ತೆಗೆದುಕೊಳ್ಳುವ ಕೆಲಸ ಮಾಡಿದವಳು. ಅಂಥ ತಂತಿ ಬಂದಾಗ ಮಡಚಿ ಅಂಗಿಯೊಳಗೆ ಇಟ್ಟುಕೊಂಡು, ಅದೇ ಮನೆಯ ಮುಂದೆ ನಗುನಗುತ್ತಾ ಹಾದು, “ಚೆನ್ನಾಗಿದೀರಾ?” ಎಂದು ವಿಚಾರಿಸಿ, ಹಿರಿಯರ ಹತ್ತಿರ ಹೋಗುತ್ತಿದ್ದಳು. ಅಷ್ಟು ವರ್ಷದಲ್ಲಿ ಒಬ್ಬರಿಗೂ ಕಾಗದದಿಂದ ಗೊತ್ತಾಗಲಿಲ್ಲ. ಅವಳಿಗೆ ಅದರ ಜಂಬವಿತ್ತು. ಇರಲಿ ಬಿಡಿ, ಇರಬೇಕಾದ ಜಂಬವೇ.

ಆಮೇಲೆ ಫೋನು ಬಂತು, ಊರಿನ ವಾಟ್ಸಾಪ್ ಗುಂಪು ಬಂತು. ಆರುನೂರ ನಲವತ್ತು ಜನ, ಅರ್ಧ ಇಲ್ಲಿ, ಅರ್ಧ ರಷ್ಯಾದಲ್ಲಿ ಗಾರೆ ಕೆಲಸಕ್ಕೋ ಗುಡಿಸುವುದಕ್ಕೋ ಹೋದವರು. ಅಡ್ಮಿನ್ ಯಾರಾಗಬೇಕು ಎಂಬ ಮಾತು ಬಂದಾಗ ಎಲ್ಲರೂ ಇವಳ ಕಡೆಯೇ ಕೈ ತೋರಿಸಿದರು. ಇವಳೂ ಹೊಸ ಕೆಲಸ ಸಿಕ್ಕಿತೆಂದು ಟೊಂಕ ಕಟ್ಟಿ ಕೂತಳು. ಅಬ್ಬಾ, ಆ ಗುಂಪಿನಲ್ಲಿ ಏನು ಕಮ್ಮಿ! ನಿನ್ನ ಹಸು ನನ್ನ ಮೇವು ತಿಂತು, ನಿಮ್ಮ ಸೊಸೆ ಎಂಥಾ ಬಟ್ಟೆ ಹಾಕಿಕೊಂಡು ಅಂಗಡಿಗೆ ಬಂದಿದ್ದಳು, ಕರೆಂಟು ಯಾವಾಗ ಬರುತ್ತೆ, ನೀರಿನ ಸರದಿ ಯಾರದ್ದು. ಶಾಯಿರ್ಕುಲ್ ಎಲ್ಲರಿಗೂ ಧ್ವನಿ ಸಂದೇಶದಲ್ಲಿ ಮಂಗಳಾರತಿ ಮಾಡುತ್ತಿದ್ದಳು. “ಎದುರಿಗೆ ಕೂತ್ಕೊಂಡು, ಚಹಾ ಬಟ್ಲು ಕೈಲಿ ಹಿಡ್ಕೊಂಡು ಹೇಳೋಕಾಗದ ಮಾತನ್ನ ಇಲ್ಲೂ ಬರೀಬೇಡಿ. ಬೆರಳಿಗೂ ನಾಚಿಕೆ ಇರ್ಲಿ” ಎನ್ನುವುದು ಅವಳ ಮೊದಲ ಕಟ್ಟಳೆ.

ಒಂದು ಸಲ ನೀರಿನ ಸರದಿಗೆ ಇಬ್ಬರು ಗಂಡಸರು ಗುಂಪಿನಲ್ಲಿ ಅಪ್ಪ ಅಮ್ಮನವರೆಗೂ ಹೋದರು. ಇಬ್ಬರನ್ನೂ ಮನೆಗೆ ಕರೆಸಿ ಚಹಾಕ್ಕೆ ಕೂರಿಸಿದಳು. ನಮ್ಮಲ್ಲಿ ಬೇಕಾದವರಿಗೆ ಬಟ್ಟಲ ತಳ ಮುಚ್ಚುವಷ್ಟೇ ಚಹಾ ಹಾಕುವುದು, ಮತ್ತೆ ಮತ್ತೆ ಕೇಳಲಿ, ಹೆಚ್ಚು ಹೊತ್ತು ಕೂರಲಿ ಎಂದು. ಒಬ್ಬ ತಗ್ಗಿದ. ಇನ್ನೊಬ್ಬ ಅಲ್ಲೂ ಬಾಯಿ ಮಾಡಿದ. ಇವಳು ಒಂದು ಮಾತೂ ಆಡದೆ ಅವನ ಬಟ್ಟಲನ್ನು ಅಂಚಿನವರೆಗೆ ತುಂಬಿಸಿ ಮುಂದಿಟ್ಟಳು. ಕುಡಿದು ಏಳು ಎಂದು ಅದರ ಅರ್ಥ. ಅವನ ಮುಖ ನೋಡಬೇಕಿತ್ತು! ನಾನು ಒಲೆಯ ಹಿಂದೆ ನಿಂತು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆ.

ಸಾವಿಗೂ ಅವಳೇ ಕಟ್ಟಳೆ ಮಾಡಿದಳು. ಹಿರಿಯರು ಕೇಳಿಸುವವರೆಗೆ ಗುಂಪಿನಲ್ಲಿ ಯಾರೂ ಹೆಸರೆತ್ತಬಾರದು. ಎತ್ತಿದರೆ ಆ ಕ್ಷಣವೇ ಅಳಿಸುತ್ತಾಳೆ. ಕೇಳಿಸಲು ಹೋಗುವ ಹಿರಿಯರು ಫೋನು ಆರಿಸಿಡಬೇಕು, ಏಕೆಂದರೆ ಒಂದು ಸಲ ಊರಿಗೆ ನಮಾಜು ಮಾಡಿಸುವ ಮೊಲ್ಲಾನ ಜೇಬಿನಿಂದ ಆ ಗಳಿಗೆಯಲ್ಲೇ ಮದುವೆ ಕುಣಿತದ ಹಾಡು ಹೊರಟಿತ್ತು. ಜನರಿಗೂ ಅಭ್ಯಾಸವಾಯಿತು. ‘ಈ ಸಂದೇಶ ಅಳಿಸಲಾಗಿದೆ’ ಎಂದು ಸಾಲು ಸಾಲಾಗಿ ಕಂಡರೆ ಎಲ್ಲೋ ಒಂದು ಸಾವು ಎಂದೇ ಲೆಕ್ಕ. ಆಗ ಯಾರಾದರೂ “ಯಾರ ಮನೆಯದು?” ಎಂದು ಕೇಳುತ್ತಾರೆ. ಕೇಳಿದವರಿಗೆ ಮೂವತ್ತು ಜನ ಗುಟ್ಟಾಗಿ ಫೋನು ಮಾಡಿ ಹೇಳುತ್ತಾರೆ. ಹೆಂಗಸರು ಸಾವಿನ ಮನೆಗೆಂದು ಹಿಟ್ಟಿನ ತುಂಡು ಎಣ್ಣೆಯಲ್ಲಿ ಕರಿದು ಬೊರ್ಸೊಕ್ ಮಾಡಲು ಕೂರುತ್ತಾರೆ. ಇಡೀ ಊರಿಗೆ ತಿಳಿದಿರುತ್ತದೆ, ಒಂದು ಮನೆಗೆ ಬಿಟ್ಟು.

ಆ ದಿನ ಬೆಳಗ್ಗೆ ಹತ್ತು ಗಂಟೆಗೆ ಅಸಾನಕುನ್ ಅಜ್ಜನ ಮನೆಗೆ ಸೈಬೀರಿಯಾದ ಕಡೆಯಿಂದ ಫೋನು ಬಂತು. ಬುರುಲ್ಚಾಳ ಮಗ ಕುಬಾತ್, ಇಪ್ಪತ್ತಾರು ವರ್ಷದವನು, ಕಟ್ಟಡದ ಅಟ್ಟಣಿಗೆಯಿಂದ ಬಿದ್ದು ತೀರಿಕೊಂಡಿದ್ದ. ಒಬ್ಬನೇ ಮಗ. ಬುರುಲ್ಚಾ ಗಂಡ ಸತ್ತವಳು, ಅಸಾನಕುನ್ ಅಜ್ಜ ಅವಳ ಗಂಡನಿಗೆ ದೊಡ್ಡಪ್ಪನಾಗಬೇಕು. ಅಜ್ಜ ಎದೆಯ ಕಾಯಿಲೆಯಿಂದ ಒಂದು ತಿಂಗಳಿಂದ ಹಾಸಿಗೆ ಹಿಡಿದಿದ್ದ, ಇವತ್ತೋ ನಾಳೆಯೋ ಎಂದು ಊರೆಲ್ಲ ಕಾಯುತ್ತಿತ್ತು. ಆದರೂ ಕೇಳಿಸುವ ಮಾತು ಊರಿನಲ್ಲಿ ಅವನಷ್ಟು ಬಲ್ಲವರಿಲ್ಲ. “ನಾನೇ ಹೇಳ್ತೀನಿ. ನನ್ನನ್ನ ಎತ್ತಿ ಕೂರಿಸಿ” ಅಂದನಂತೆ. ಹಿರಿಯರೆಲ್ಲ ಹೊಲದಲ್ಲಿದ್ದರು, ಒಬ್ಬರು ಪಟ್ಟಣಕ್ಕೆ ಹೋಗಿದ್ದರು. ಮೂರು ಗಂಟೆಗೆ ಮೊಲ್ಲಾನ ಮನೆಯಲ್ಲಿ ಸೇರುವುದು ಎಂದಾಯಿತು. ಬುರುಲ್ಚಾ ಕೆಳಗಿನ ಹೊಲದಲ್ಲಿ ಆಲೂಗಡ್ಡೆ ಕೀಳುತ್ತಿದ್ದಳು, ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ದೇವರೇ ಕಾಪಾಡಿದ ಅಂದುಕೊಂಡೆವು.

ಒಂದೂಮುಕ್ಕಾಲಿಗೆ ನಜೀರಾ ಎಂಬ ಹುಡುಗಿ, ನಮ್ಮೂರಿನವಳೇ, ಕುಬಾತ್ ಇದ್ದ ಊರಿನಲ್ಲೇ ಅಂಗಡಿ ಕೆಲಸಕ್ಕಿರುವವಳು, ಅವನ ಫೋಟೊ ಹಾಕಿ, ಮೂಲೆಗೆ ಕಪ್ಪು ಪಟ್ಟಿ ಕಟ್ಟಿ, “ಅಣ್ಣಾ, ನಿನ್ನ ಗೋರಿಯ ಮಣ್ಣು ರೇಷ್ಮೆಯಾಗಲಿ” ಎಂದು ಗುಂಪಿಗೆ ಬಿಟ್ಟಳು. ಶಾಯಿರ್ಕುಲ್ ಆಗ ಹಾಲು ಸೋಸುತ್ತಿದ್ದಳು. ಪಾತ್ರೆ ಅಲ್ಲೇ ಬಿಟ್ಟು ಫೋನಿಗೆ ಹಾರಿದಳು. ಒಂದನ್ನು ಅಳಿಸಿದರೆ ಇನ್ನೆರಡು ಬಂದವು. ಕೈ ಮುಗಿದ ಚಿತ್ರ, ಅಳುವ ಚಿತ್ರ, ‘ಆಮೀನ್’, ‘ಅಯ್ಯೋ ಕುಬಾತ್’. ಪ್ರೀತಿಯಿಂದಲೇ ಹಾಕಿದರು, ಯಾರೂ ಕೇಡು ಬಯಸಿದವರಲ್ಲ. ಅಷ್ಟು ಒಳ್ಳೆಯವರು ಒಟ್ಟಿಗೆ ಸೇರಿದರೆ ಎಷ್ಟು ಅನಾಹುತ ಮಾಡಬಹುದು ಎಂದು ನಾನು ಅವತ್ತು ನೋಡಿದೆ.

“ಲೇ ಜುಮಾಗುಲ್, ಕನ್ನಡಕ ಕೊಡೇ! ಇನ್ನೊಂದು ಬಂತು ನೋಡು!” ಎಂದು ನನ್ನನ್ನು ಕೂಗಿದಳು. ಹನ್ನೆರಡು ಸಂದೇಶ ಅಳಿಸಿದಳು. ಎರಡು ಗಂಟೆ ಹತ್ತು ನಿಮಿಷಕ್ಕೆ ಗುಂಪು ಸುಮ್ಮನಾಯಿತು. ಇಬ್ಬರೂ ಉಸ್ಸೆಂದು ನೆಲದ ಮೇಲೆಯೇ ಕೂತೆವು.

ಆಗ ಬುರುಲ್ಚಾಳ ಸಂದೇಶ ಬಂತು. ಹೊಲದಿಂದ ಮನೆಗೆ ಬಂದು ಫೋನು ತೆಗೆದಿದ್ದಳು. ‘ಈಗ ನೋಡಿದೆ. ಇಷ್ಟೊಂದು ಅಳಿಸಿದೀರಿ, ಯಾರ ಮನೆಯದು? ನಾನು ಬೆಳಗ್ಗೆ ರೊಟ್ಟಿಗೆ ಅಂತ ನಾದಿಟ್ಟ ಹಿಟ್ಟು ಇದೆ, ಬೊರ್ಸೊಕ್ ಕರಿದು ತರ್ತೀನಿ. ಎಷ್ಟು ಬೇಕು ಹೇಳಿ.’

ಆರುನೂರ ನಲವತ್ತು ಜನರಲ್ಲಿ ಒಂದು ಬಾಯಿ ಸಾಕು, ಬಡಬಡಿಸಿಬಿಡಲು. ಶಾಯಿರ್ಕುಲ್ ಹಿಂದೆ ಮುಂದೆ ನೋಡದೆ ಗುಂಪಿಗೇ ಬೀಗ ಹಾಕಿದಳು, ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದ ಹಾಗೆ. ಬುರುಲ್ಚಾಳ ಪ್ರಶ್ನೆ ಕೊನೆಯಲ್ಲಿ ಒಂಟಿಯಾಗಿ ಉಳಿಯಿತು, ಕೆಳಗೆ ಉತ್ತರವಿಲ್ಲ. “ಓಡೇ, ಮೊಲ್ಲಾನ ಮನೆಗೆ ಓಡು. ಮೂರು ಗಂಟೆ ಅಂತ ಕಾಯ್ಬೇಡಿ, ಈಗ್ಲೇ ಹೊರಡಿ ಅಂತ ಹೇಳು. ಫೋನು ಆರಿಸ್ಬಿಟ್ಟಿದಾರೆ ಮುದುಕರು!” ಎಂದು ನನ್ನನ್ನು ದಬ್ಬಿದಳು.

ನಾನು ಓಡಿದೆ. ಮೊಲ್ಲಾನ ಮನೆಯಲ್ಲಿ ಅವನ ಸೊಸೆ ಒಬ್ಬಳೇ ಇದ್ದಳು. “ಇಲ್ಲಿ ಸೇರಲ್ಲವಂತೆ ಚಿಕ್ಕಮ್ಮ. ಅಸಾನಕುನ್ ಅಜ್ಜಂಗೆ ನಡೆಯೋಕೆ ಆಗಲ್ಲ ಅಂತ ಎಲ್ಲರೂ ಅವರ ಮನೆಗೇ ಹೋದ್ರು. ಅಲ್ಲಿಂದಲೇ ಕಾರಲ್ಲಿ ಕರ್ಕೊಂಡು ಹೋಗ್ತಾರಂತೆ” ಅಂದಳು. ಸರಿ, ಆಗಲೇ ಸೇರಿದ್ದಾರಲ್ಲ ಎಂದು ಸಮಾಧಾನವಾಯಿತು. ತಿರುಗಿ ಬರುವಾಗ ನಜೀರಾಳ ತಾಯಿ ಗೇಟಿನ ಮುಂದೆ ಸಿಕ್ಕಿದಳು. ನಾನು ನೇರ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ನನ್ನ ಸಿಟ್ಟು ನನ್ನ ಕೈಯಲ್ಲಿ ಎಂದೂ ಇದ್ದದ್ದೇ ಇಲ್ಲ.

“ಏನಮ್ಮಾ, ಮಗಳಿಗೆ ಬುದ್ಧಿ ಹೇಳಿ ಕಳಿಸಲಿಲ್ವಾ? ಸತ್ತವನ ಫೋಟೊ ಹಾಕಿ ಮೆರೀತಾಳಲ್ಲ!”

“ನೀವೇ ಬಂದು ಹೇಳ್ಕೊಡಿ. ನನ್ನ ಮಗಳೇ ಕಣ್ರೀ ಆ ಹುಡುಗನ ಹೆಣ ನೋಡೋಕೆ ಆಸ್ಪತ್ರೆಗೆ ಹೋಗಿದ್ದು. ಅಳ್ತಾ ಅಳ್ತಾ ಹಾಕಿದಾಳೆ. ಅಲ್ಲಿ ಅವಳಿಗೆ ಯಾರಿದ್ರು ಹೇಳ್ಕೊಳ್ಳೋಕೆ?”

ಅದಕ್ಕೆ ನಾನೊಂದು, ಅದಕ್ಕೆ ಅವಳೊಂದು. ಐದು ನಿಮಿಷವೋ ಆರು ನಿಮಿಷವೋ ಹೋಯಿತು. ಆ ಐದು ನಿಮಿಷವನ್ನು ನೆನೆದು ನಾನು ಈಗಲೂ ಹಲ್ಲು ಕಚ್ಚುತ್ತೇನೆ.

ನಮ್ಮ ಅಂಗಳಕ್ಕೆ ಬಂದಾಗ ಒಳಗಿಂದ ಬುರುಲ್ಚಾಳ ಧ್ವನಿ ಕೇಳಿತು. ಶಾಯಿರ್ಕುಲ್‌ಗೆ ಕಿವಿ ಮಂದ, ಫೋನನ್ನು ಯಾವಾಗಲೂ ಜೋರಾಗಿ ಇಟ್ಟುಕೊಳ್ಳುತ್ತಾಳೆ.

“ಅಕ್ಕಾ, ಗುಂಪಿಗೆ ಏನಾಯ್ತು? ಕೇಳಿ ಅರ್ಧ ಗಂಟೆ ಆಯ್ತು, ಒಬ್ರೂ ಉಸಿರೆತ್ತಲ್ಲ. ಬೇರೆ ಸಲ ನನ್ನ ತಲೆ ತಿಂದುಬಿಡ್ತಾರೆ.”

“ಅದು… ಕೆಟ್ಟಿದೆ ಕಣಮ್ಮ. ನೆಟ್‌ವರ್ಕ್ ಸರಿಯಿಲ್ಲ.”

“ಮತ್ತೆ ಯಾರ ಮನೇದು? ನೀವಾದ್ರೂ ಹೇಳಿ. ಎಣ್ಣೆ ಕಾಯ್ತಾ ಇದೆ.”

ನಾನು ಮೆಟ್ಟಿಲ ಹತ್ತಿರ ರಬ್ಬರ್ ಜೋಡು ಕಳಚುತ್ತಿದ್ದೆ.

“ಯಾಕಕ್ಕಾ ಮಾತಾಡ್ತಿಲ್ಲ? ನನ್ನ ಹತ್ರ ಮುಚ್ಚಿಡೋ ಅಂಥದ್ದಾ?” ಬುರುಲ್ಚಾಳ ಧ್ವನಿ ಸಣ್ಣದಾಯಿತು. “ಅಯ್ಯೋ… ನಮ್ಮ ದೊಡ್ಡಮಾವನಾ? ನಮ್ಮ ದೊಡ್ಡಮಾವ ಹೋಗ್ಬಿಟ್ರಾ?” ಸೊಸೆ ಮಾವನ ಹೆಸರು ಹೇಳುವುದಿಲ್ಲ, ಅವಳು ಕೇಳಿದ್ದು ಅಸಾನಕುನ್ ಅಜ್ಜನನ್ನೇ.

ನಾನು ಬಾಗಿಲಿಗೆ ಬಂದು ಬೇಡ ಬೇಡ ಎಂದು ಎರಡೂ ಕೈ ಆಡಿಸಿದೆ. ಶಾಯಿರ್ಕುಲ್ ಕಣ್ಣು ಮುಚ್ಚಿಕೊಂಡಿದ್ದಳು. “ಹೂಂ ಕಣಮ್ಮ” ಅಂದುಬಿಟ್ಟಳು.

ಆ ಕಡೆಯಿಂದ ಒಂದು ಸಲ ಬಿಕ್ಕಿದ್ದು ಕೇಳಿತು, ಫೋನು ನಿಂತಿತು.

“ಏನು ಮಾಡ್ದೆ ಅಕ್ಕಾ!” ನಾನು ಕಿರುಚಿದೆ.

“ಅವಳೇ ಅಂದ್ಕೊಂಡಳು ಕಣೇ. ಹಿಟ್ಟು ಉಂಡೆ ಮಾಡಿ, ಕರಿದು ಮುಗಿಸೋಕೆ ಒಂದು ಗಂಟೆಯಾದ್ರೂ ಬೇಕು. ಅಷ್ಟರಲ್ಲಿ ಮೊಲ್ಲಾನ ಮನೆಯಿಂದ ಇವರು ಹೊರಟು—”

“ಅವಳು ಆ ಮನೆ ಸೊಸೆ! ದೊಡ್ಡಮಾವ ಸತ್ತ ಅಂದ್ರೆ ಎಣ್ಣೆ ಮುಂದೆ ಕೂರ್ತಾಳಾ? ಎಲ್ಲರಿಗಿಂತ ಮೊದಲು ಅವಳೇ ಬಾಗಿಲಲ್ಲಿ ನಿಂತು ಅಳಬೇಕು. ಹಿರಿಯರೆಲ್ಲ ಈಗ ಅಲ್ಲೇ ಕೂತಿದಾರೆ ಅಕ್ಕಾ, ಅಸಾನಕುನ್ ಅಜ್ಜನ ಮನೇಲೇ!”

ಮೂವತ್ತೊಂದು ವರ್ಷ ಊರಿನ ಯಾವ ಮನೆಗೆ ಯಾರು ಏನಾಗಬೇಕು ಎಂದು ಬಾಯಿಪಾಠ ಇದ್ದವಳು ಅದೊಂದು ಗಳಿಗೆ ಮರೆತಳು. ಬುರುಲ್ಚಾಗೆ ಫೋನು ಮಾಡಿದಳು. ರಿಂಗಾಯಿತು, ರಿಂಗಾಯಿತು. ಬುರುಲ್ಚಾ ಫೋನು ಮನೆಯಲ್ಲೇ ಬಿಟ್ಟು ಹೊರಟಿದ್ದಳು. ಇವಳು ಅಜ್ಜನಿಗೆ ಮಾಡಿದಳು, ಮೊಲ್ಲಾನಿಗೆ ಮಾಡಿದಳು, ಜಿಬೆಕ್‌ಗೆ ಮಾಡಿದಳು. ಎಲ್ಲ ಆರಿಸಿಟ್ಟಿದ್ದರು. ಅವಳದೇ ಕಟ್ಟಳೆ.

ಓಡಿದೆವು. ಎಪ್ಪತ್ತು ವರ್ಷದ ಮುದುಕಿ, ಮಂಡಿ ಎರಡೂ ಹೋಗಿವೆ, ಒಂದು ಕಾಲಿಗೆ ನನ್ನ ಜೋಡು, ಇನ್ನೊಂದು ಕಾಲಿಗೆ ಬರೀ ಉಣ್ಣೆ ಕಾಲುಚೀಲ. “ನೀನು ಹೋಗೇ, ನನ್ನ ಬಿಟ್ಟು ಹೋಗು, ಅವಳನ್ನ ಹಿಡಿ, ಏನಾದ್ರೂ ಹೇಳು, ನಾನು ಸುಳ್ಳು ಹೇಳ್ದೆ ಅಂತ ಹೇಳು!” ಎಂದು ಹಿಂದಿನಿಂದ ಕೂಗುತ್ತಿದ್ದಳು. ನನಗೂ ಅರವತ್ತು ದಾಟಿದೆ. ಓಣಿ ತಿರುಗುವಾಗ ಬುರುಲ್ಚಾಳ ಕಂದು ಶಾಲು ಮುಂದೆ ಕಂಡಿತು. “ಬುರುಲ್ಚಾ! ನಿಲ್ಲಮ್ಮಾ!” ಎಂದೆ. ಅವಳಿಗೆ ಕೇಳಿಸಲಿಲ್ಲ. ಸಾವಿನ ಮನೆಯ ಹತ್ತಿರ ಬರುತ್ತಲೇ ಹೆಂಗಸರು ಹಾಡಿ ಅಳಲು ಶುರುಮಾಡಬೇಕು, ಅವಳು ಶುರುಮಾಡಿದ್ದಳು. ಬೆನ್ನಿಗಿದ್ದ ಬೆಟ್ಟವೇ, ಗಂಡ ಹೋದಾಗ ನನ್ನ ಮಗನ ತಲೆ ಸವರಿದವನೇ, ಅವನು ಬರುವವರೆಗಾದರೂ ತಡೆಯಬಾರದಿತ್ತೇ, ಅವನಿಗೆ ಏನಂತ ಹೇಳಲಿ ಎಂದು ಹಾಡಿಕೊಂಡು ಗೇಟು ದಾಟಿದಳು.

ನಾನು ಗೇಟಿಗೆ ತಲುಪಿದಾಗ ಅವಳು ಅಂಗಳದ ನಡುವೆ ನಿಂತಿದ್ದಳು. ಮೆಟ್ಟಿಲ ಮೇಲೆ ಕೋಲೂರಿಕೊಂಡು, ಬಿಳಿ ಟೋಪಿ ಹಾಕಿಕೊಂಡು, ಒಳ್ಳೆಯ ನಿಲುವಂಗಿ ತೊಟ್ಟು ಅಸಾನಕುನ್ ಅಜ್ಜ ನಿಂತಿದ್ದ. ಕಾರಿಗೆ ಹತ್ತಿಸಲು ಹೊರಗೆ ಕರೆತಂದಿದ್ದರು.

ಬುರುಲ್ಚಾಳ ಅಳು ಅಲ್ಲೇ ನಿಂತಿತು. ಬಾಯಿ ತೆರೆದೇ ಇತ್ತು. ಆಮೇಲೆ ಅವಳು ನಕ್ಕಳು.

“ಅಯ್ಯೋ ಮಾವಾ! ಇದೀರಾ! ಬದುಕಿದೀರಾ!” ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದಳು, ಮುಖವೆಲ್ಲ ಒದ್ದೆ. “ನಿಮ್ಮನ್ನ ಆಗ್ಲೇ ಸಾಯಿಸಿಬಿಟ್ರಲ್ಲ ಊರೋರು! ಇನ್ನು ನೂರು ವರ್ಷ ಬಾಳ್ತೀರ ನೋಡಿ. ಇವತ್ತೇ ಕುಬಾತ್‌ಗೆ ಫೋನ್ ಮಾಡಿ ಹೇಳ್ತೀನಿ, ಎಷ್ಟು ನಗ್ತಾನೆ ಅವನು!”

ಯಾರೂ ನಗಲಿಲ್ಲ. ಬೆಂಚಿನಿಂದ ಮೊಲ್ಲಾ ಎದ್ದ, ಮತ್ತೆ ಕೂತ. ಅವಳು ನಗುತ್ತಲೇ ಅತ್ತ ತಿರುಗಿದಳು. “ಮತ್ತೆ ಯಾರ ಮನೇದು? ಎಲ್ಲರೂ ಹೀಗೆ ರೆಡಿಯಾಗಿ ನಿಂತಿದೀರಲ್ಲ” ಎಂದಳು. ಅವಳ ಕಣ್ಣು ಒಬ್ಬೊಬ್ಬರ ಮುಖದ ಮೇಲೂ ಹೋಯಿತು. ಜಿಬೆಕ್‌ಳ ಕೈಯಲ್ಲಿದ್ದ ಔಷಧದ ಚೀಲದ ಮೇಲೆ ನಿಂತಿತು. ಅವಳ ಗಂಡ ಹೋದಾಗ ಬಂದಿದ್ದೂ ಅದೇ ಚೀಲ. ನಗು ಮುಖದಲ್ಲಿ ಹಾಗೇ ಉಳಿದುಕೊಂಡಿತ್ತು, ಅದನ್ನು ತೆಗೆಯುವುದೂ ಅವಳಿಗೆ ಮರೆತುಹೋಗಿತ್ತು.

“ಯಾರ ಮನೇದು?” ಎಂದು ಮತ್ತೆ ಕೇಳಿದಳು, ಈ ಸಲ ತೀರಾ ಮೆಲ್ಲಗೆ.

ಅಸಾನಕುನ್ ಅಜ್ಜ ಐವತ್ತು ವರ್ಷ ಕೇಳಿಸುವ ಮಾತು ಆಡಿದವನು. ಹುಲ್ಲು, ದನ, ಮಳೆ ಎಂದು ಸುತ್ತಿ ಬಳಸಿ ಬಂದು ಮನುಷ್ಯನನ್ನು ಕೈಹಿಡಿದು ದಾಟಿಸುತ್ತಿದ್ದ. ಅವತ್ತು ಕೋಲು ಬಿಟ್ಟು ಎರಡು ಮೆಟ್ಟಿಲಿಳಿದು ಅವಳ ಭುಜ ಹಿಡಿದ.

“ನಂದೇ ಆಗಿದ್ರೆ ಚೆನ್ನಾಗಿತ್ತು ಮಗಳೇ” ಅಂದ.

ಅವಳು ಬಿದ್ದಳು. ಹಿಡಿದುಕೊಳ್ಳಬೇಕಾದ ಇಬ್ಬರು ಹೆಂಗಸರು ಇನ್ನೂ ಬಂದೇ ಇರಲಿಲ್ಲ. ನಾನು ಓಡಿ ಹಿಡಿಯುವಷ್ಟರಲ್ಲಿ ನೆಲಕ್ಕೆ ತಲೆ ತಗುಲಿತ್ತು. ಶಾಯಿರ್ಕುಲ್ ಗೇಟಿನ ಕಂಬ ಹಿಡಿದು ನಿಂತಿದ್ದಳು, ಒಳಗೆ ಬರಲಿಲ್ಲ.

ಕುಬಾತ್‌ನ ನಲವತ್ತನೆಯ ದಿನದ ಊಟ ಮುಗಿಯುವವರೆಗೆ ಅವಳು ಗುಂಪಿನ ಬೀಗ ತೆಗೆಯಲಿಲ್ಲ. ಒಂದೇ ಒಂದು ಸಂದೇಶ ಬರೆದಳು: ‘ಅವತ್ತು ಬುರುಲ್ಚಾಗೆ ಸುಳ್ಳು ಹೇಳಿದ್ದು ನಾನು. ನಜೀರಾಳನ್ನು ಯಾರೂ ಬೈಯಬೇಡಿ.’ ಜನ ನನಗೆ ಫೋನು ಮಾಡಿದರು. ಪಾಪ, ಒಳ್ಳೆಯದಕ್ಕೇ ಮಾಡಿದ್ದು ಅಂದವರೂ ಇದ್ದರು. ಗುಂಪು ತೆರೆಯಿರಿ, ನನ್ನ ಕುರಿ ಕಳೆದುಹೋಗಿದೆ ಅಂದವರೂ ಇದ್ದರು. ಶಾಯಿರ್ಕುಲ್ ಊಟ ಬಿಟ್ಟಳು, ಸೊರಗಿ ಕಡ್ಡಿಯಾದಳು. “ಹೇಳಿಬಿಟ್ಟಿದ್ರೂ ತಪ್ಪಾಗ್ತಿತ್ತು, ಹೇಳದೇ ಇದ್ದಿದ್ರೂ ತಪ್ಪಾಗ್ತಿತ್ತು. ಆದ್ರೆ ಎದ್ದು ಅವಳ ಮನೆಗೆ ಹೋಗಿ ಪಕ್ಕದಲ್ಲಿ ಕೂರಬಹುದಿತ್ತಲ್ಲೇ ನಾನು. ಮೂರೇ ಮನೆ ಆಚೆ ಕಣೇ. ಫೋನು ಹಿಡ್ಕೊಂಡು ಕೂತೆ” ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಕೇಳಿ ಕೇಳಿ ನನಗೂ ಸಾಕಾಗಿ, “ಹಾಗಾದ್ರೆ ಈಗ್ಲಾದ್ರೂ ಎದ್ದು ಹೋಗು” ಎಂದು ರೇಗಿದೆ.

ನಲವತ್ತೊಂದನೆಯ ದಿನ ನನ್ನನ್ನೂ ಕರೆದುಕೊಂಡು ಹೋದಳು. ಬುರುಲ್ಚಾ ಬಾಗಿಲು ತೆರೆದು ಒಳಗೆ ಕೂರಿಸಿದಳು. ರೊಟ್ಟಿ ಮುರಿದಳು, ಬೆಣ್ಣೆ ಇಟ್ಟಳು. ನನಗೆ ತಳ ಮುಚ್ಚುವಷ್ಟು ಚಹಾ ಹಾಕಿಕೊಟ್ಟಳು. ಶಾಯಿರ್ಕುಲ್ ತಲೆ ಬಗ್ಗಿಸಿ, “ಕ್ಷಮಿಸು ಅಂತ ಕೇಳೋಕೂ ಬಾಯಿ ಬರ್ತಿಲ್ಲ ತಾಯಿ” ಅಂದಳು.

ಬುರುಲ್ಚಾ ಇನ್ನೊಂದು ಬಟ್ಟಲನ್ನು ಕೈಗೆ ತೆಗೆದುಕೊಂಡಳು.

“ಅವತ್ತು ನಾನು ನಕ್ಕೆ ಅಕ್ಕಾ” ಅಂದಳು. “ನನ್ನ ಮಗ ಸತ್ತು ಆರು ಗಂಟೆ ಆಗಿತ್ತು. ಊರಿಗೆಲ್ಲ ಗೊತ್ತಿತ್ತು. ಎಲ್ಲರ ಮುಂದೆ, ಅಂಗಳದ ಮಧ್ಯ ನಿಂತ್ಕೊಂಡು, ಹಲ್ಲು ಬಿಟ್ಕೊಂಡು ನಕ್ಕೆ. ಅವನು ಹೋದ ಅನ್ನೋದನ್ನ ಹೇಗೋ ತಡ್ಕೋತೀನಿ. ಈ ನಗು ಇದೆಯಲ್ಲ, ಇದನ್ನ ಎಲ್ಲಿಡಲಿ?”

ಬುರುಲ್ಚಾ ಕೆಟಲ್ ಎತ್ತಿಕೊಂಡು ಬಟ್ಟಲಿಗೆ ಸುರಿಯತೊಡಗಿದಳು. ತಳ ಮುಚ್ಚಿತು. ಅರ್ಧವಾಯಿತು. ಸಾಕು ಮಾಡಮ್ಮ, ಸಾಕು ಮಾಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಅಂಚಿನವರೆಗೆ ತುಂಬಿಸಿ, ಒಂದು ಹನಿ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ಶಾಯಿರ್ಕುಲ್ ಮುಂದೆ ಇಟ್ಟಳು. ಶಾಯಿರ್ಕುಲ್ ಆ ಸುಡುಸುಡು ಚಹಾವನ್ನು ಅಲ್ಲೇ ಪೂರ್ತಿ ಕುಡಿದಳು. ಆಮೇಲೆ ನಾವು ಎದ್ದು ಬಂದೆವು.